ಕಾರ್ಬನ್ನಿನ ನೆರೆಯವರು ಮತ್ತು ಆಲ್‌ಫ್ರೆಡ್ ಸ್ಟಾಕ್

ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಫೆರಸ್ ಸಲ್ಫೇಟ್, ಫೆರಿಕ್ ಕ್ಲೋರೈಡ್ ಎಂಬ ಚೀಟಿ ಅಂಟಿಸಿದ ಸೀಸೆಗಳನ್ನು ನೀವು ನೋಡಿರುತ್ತೀರಿ. ಈಗಿನ ಪಠ್ಯಪುಸ್ತಕಗಳಲ್ಲಿ ಇವುಗಳ ಹೆಸರು ಬೇರೆ ರೀತಿಯಲ್ಲಿದೆ. ಕಬ್ಬಿಣದ ಹೆಸರಿನ ಪಕ್ಕದಲ್ಲಿ, ಆವರಣ ಚಿಹ್ನೆಯೊಳಗೆ, ರೋಮನ್ ಅಂಕಿಯಲ್ಲಿ ಎರಡು ಅಥವಾ ಮೂರು ಎಂದು ಬರೆದು ಅನಂತರ ಸಲ್ಫೇಟ್, ಕ್ಲೋರೈಡ್ ಎಂದು ಸೇರಿಸುತ್ತಾರೆ. ಆ ಅಂಕಿ ಲೋಹದ ಉತ್ಕರ್ಷಣ ಸಂಖ್ಯೆಯನ್ನು ತಿಳಿಸುತ್ತದೆ. ಈ ಪದ್ಧತಿಯನ್ನು 1919ರಲ್ಲಿ ಸೂಚಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ಆಲ್‌ಫ್ರೆಡ್ ಸ್ಟಾಕ್. ಇಂದಿಗೂ ಅದನ್ನು ಸ್ಟಾಕ್ ಪದ್ಧತಿ ಎಂದೇ ಕರೆಯುತ್ತಾರೆ. ಸಂಕೀರ್ಣ ಸಂಯುಕ್ತಗಳ ಪಾಠದಲ್ಲಿ ಬರುವ 'ಲಿಗ್ಯಾಂಡ್' ಎಂಬ ಪದವನ್ನು 1916ರಲ್ಲಿ ಬಳಕೆಗೆ ತಂದವನೂ ಆತನೇ.

ಆದರೆ ಹೆಸರಿಡುವುದು ಸ್ಟಾಕ್‌ನ ಜೀವಮಾನದ ಕೆಲಸವಾಗಿರಲಿಲ್ಲ. ಆತ ತನ್ನ ಆಯುಷ್ಯದ ಉತ್ತಮ ಭಾಗವನ್ನು ಕಳೆದದ್ದು ಬೋರಾನ್ ಮತ್ತು ಸಿಲಿಕಾನ್‌ಗಳ ಹೈಡ್ರೈಡುಗಳ ಜೊತೆಯಲ್ಲಿ. ಆ ಕೆಲಸಕ್ಕೆ ಆತ ತೆತ್ತ ಬೆಲೆ ಆತನ ಆರೋಗ್ಯ. ರಸಾಯನ ವಿಜ್ಞಾನದ ಚರಿತ್ರೆಯಲ್ಲಿ ಇದೊಂದು ತಿಳಿದುಕೊಳ್ಳಬೇಕಾದ ಪ್ರಸಂಗ.

ಪ್ರಶ್ನೆ ಹುಟ್ಟಿದ ಬಗೆ

ಆವರ್ತಕೋಷ್ಟಕವನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಕಾರ್ಬನ್ನಿನ ಎಡಕ್ಕೆ ಬೋರಾನ್ ಇದೆ; ಕೆಳಗೆ ಸಿಲಿಕಾನ್ ಇದೆ. ಇವೆರಡೂ ನಮಗೆ ಅಪರಿಚಿತವೇನಲ್ಲ. ಅಕ್ಕಸಾಲಿಗರು ಚಿನ್ನವನ್ನು ಬೆಸೆಯುವಾಗ ಬಳಸುವ ಬಿಳಿಗಾರ ಬೋರಾನಿನ ಸಂಯುಕ್ತ. ಹೊಳೆಯ ದಂಡೆಯ ಮರಳು ಬಹುಮಟ್ಟಿಗೆ ಸಿಲಿಕಾನಿನ ಆಕ್ಸೈಡ್. ಆದರೆ ಎರಡೂ ಕಡೆ ಈ ಧಾತುಗಳು ಆಕ್ಸಿಜನ್ನಿನ ಜೊತೆಗೇ ಇರುವುದನ್ನು ಗಮನಿಸಿ. ಪ್ರಕೃತಿಯಲ್ಲಿ ಅವು ಹೈಡ್ರೊಜನ್ನಿನೊಂದಿಗೆ ಸೇರಿಕೊಂಡಿರುವುದು ಕಾಣುವುದಿಲ್ಲ.

ಕಾರ್ಬನ್ನಿನ ರೀತಿಯೇ ಬೇರೆ. ಅದು ಹೈಡ್ರೊಜನ್ನಿನೊಡನೆ ಸೇರಿ ಮೀಥೇನ್, ಈಥೇನ್, ಪ್ರೊಪೇನ್ ಎಂದು ಸಾಲುಸಾಲಾಗಿ ಸಂಯುಕ್ತಗಳನ್ನು ಕೊಡುತ್ತದೆ. ಅಡುಗೆ ಅನಿಲದಿಂದ ಹಿಡಿದು ಮೇಣದ ಬತ್ತಿಯವರೆಗೆ ಈ ವಂಶ ಹಬ್ಬಿದೆ. ಹಾಗಿದ್ದರೆ ಕಾರ್ಬನ್ನಿನ ಮಗ್ಗುಲಲ್ಲೇ ಇರುವ ಧಾತುಗಳಿಗೂ ಇಂಥದೊಂದು ವಂಶ ಇರಬಾರದೇಕೆ?

ಸ್ಟಾಕ್ 1876ರಲ್ಲಿ ಡ್ಯಾನ್‌ಜಿಗ್ ನಗರದಲ್ಲಿ ಹುಟ್ಟಿದ. ಆ ಊರು ಇಂದು ಪೋಲೆಂಡಿನಲ್ಲಿದ್ದು ಗ್ಡಾನ್‌ಸ್ಕ್ ಎನಿಸಿಕೊಂಡಿದೆ. ಬರ್ಲಿನ್ನಿನಲ್ಲಿ ಎಮಿಲ್ ಫಿಷರ್‌ನ ಸಂಸ್ಥೆಯಲ್ಲಿ ಓದಿದ ಮೇಲೆ, ಪ್ಯಾರಿಸ್ಸಿಗೆ ಹೋಗಿ ಹೆನ್ರಿ ಮ್ವಾಸಾನ್‌ನ ಬಳಿ ಕೆಲಸ ಮಾಡಿದ. ಫ್ಲೂರಿನ್ ಅನಿಲವನ್ನು ಮೊದಲು ಬೇರ್ಪಡಿಸಿದ ವಿಜ್ಞಾನಿ ಮ್ವಾಸಾನ್. ಅಲ್ಲಿ ಸ್ಟಾಕ್‌ಗೆ ಬೋರಾನ್ ಮತ್ತು ಸಿಲಿಕಾನ್‌ಗಳ ಪರಿಚಯ ಚೆನ್ನಾಗಿ ಆಯಿತು. 1909ರಲ್ಲಿ ಬ್ರೆಸ್ಲೌ ನಗರದಲ್ಲಿ ಅಕಾರ್ಬನಿಕ ರಸಾಯನ ವಿಭಾಗವನ್ನು ಕಟ್ಟುವ ಹೊಣೆ ಆತನ ಪಾಲಿಗೆ ಬಂತು. 1912ರ ಹೊತ್ತಿಗೆ ಮೇಲಿನ ಪ್ರಶ್ನೆಯನ್ನು ಆತ ಕೈಗೆತ್ತಿಕೊಂಡಿದ್ದ.

ಅದುವರೆಗೆ ಯಾರೂ ಪ್ರಯತ್ನಿಸಿರಲಿಲ್ಲ ಎಂದಲ್ಲ. ಮೆಗ್ನೀಸಿಯಮ್ ಬೋರೈಡ್ ಮೇಲೆ ಆಮ್ಲ ಹಾಕಿದರೆ ಕೆಟ್ಟ ವಾಸನೆಯ, ಹಸಿರು ಜ್ವಾಲೆಯಿಂದ ಉರಿಯುವ ಅನಿಲ ಬರುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತು. ಆದರೆ ಅದು ಬಹುಪಾಲು ಹೈಡ್ರೊಜನ್. ಅದರಲ್ಲಿ ಬೆರೆತ ಅಲ್ಪಸ್ವಲ್ಪ ಬೋರಾನ್ ಸಂಯುಕ್ತಗಳು ಯಾವುವು, ಎಷ್ಟು ಬಗೆಯವು ಎಂದು ಯಾರಿಗೂ ಬಿಡಿಸಿ ಹೇಳಲಾಗಿರಲಿಲ್ಲ.

ಗಾಳಿ ಸೋಂಕದ ಉಪಕರಣ

ತೊಡಕು ಎಲ್ಲಿತ್ತು? ಈ ಹೈಡ್ರೈಡುಗಳಲ್ಲಿ ಅನೇಕವು ಗಾಳಿ ತಾಕಿದೊಡನೆ ಹೊತ್ತಿಕೊಳ್ಳುತ್ತವೆ. ಡೈಬೋರೇನ್ ನೀರಿನೊಂದಿಗೆ ಕೂಡಲೇ ವರ್ತಿಸಿ ಬೋರಿಕ್ ಆಮ್ಲವಾಗಿಬಿಡುತ್ತದೆ. ಸಾಮಾನ್ಯವಾಗಿ ಅನಿಲವನ್ನು ನಾವು ಹೇಗೆ ಸಂಗ್ರಹಿಸುತ್ತೇವೆ? ನೀರನ್ನು ಪಲ್ಲಟಿಸಿ ಜಾಡಿಯಲ್ಲಿ ಹಿಡಿಯುತ್ತೇವೆ. ಇಲ್ಲಿ ಅದು ಸಾಧ್ಯವಿಲ್ಲ. ಗಾಜಿನ ಬಿರಡೆಗಳಿಗೆ ಜಿಡ್ಡು ಸವರಿ ಭದ್ರಪಡಿಸೋಣವೆಂದರೆ, ಬೋರಾನ್ ಹೈಡ್ರೈಡುಗಳು ಆ ಜಿಡ್ಡನ್ನೂ ಬಿಡುವುದಿಲ್ಲ.

ಸ್ಟಾಕ್ ಹೊಸದೊಂದು ಉಪಕರಣವನ್ನೇ ಕಲ್ಪಿಸಿದ. ಎಲ್ಲ ನಳಿಗೆಗಳನ್ನೂ ಬುರುಡೆಗಳನ್ನೂ ಗಾಜಿನಿಂದ ಮಾಡಿ ಒಂದಕ್ಕೊಂದು ಬೆಸೆದು, ಒಳಗಿನ ಗಾಳಿಯನ್ನು ಪೂರ್ತಿ ಹೊರತೆಗೆದ. ಬಿರಡೆಗಳ ಬದಲು ಪಾದರಸದ ಕವಾಟಗಳನ್ನು ಇರಿಸಿದ. ನಳಿಗೆಯಲ್ಲಿ ಪಾದರಸ ಮೇಲೇರಿದರೆ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಗಾಳಿ ತೆಗೆಯುವ ಪಂಪಿನಲ್ಲೂ ಪಾದರಸ, ಒತ್ತಡ ಅಳೆಯುವ ಮಾಪಕದಲ್ಲೂ ಪಾದರಸ. ಗಾಜನ್ನೂ ಹೈಡ್ರೈಡುಗಳನ್ನೂ ಕೆಡಿಸದ ದ್ರವ ಅದೊಂದೇ ಎಂಬಂತಿತ್ತು.

ಈ ನಿರ್ವಾತ ಉಪಕರಣದೊಳಗೆ ಅನಿಲಗಳ ಮಿಶ್ರಣವನ್ನು ದ್ರವ ವಾಯುವಿನಿಂದ ತಂಪುಗೊಳಿಸಿ ಘನವಾಗಿಸುತ್ತಿದ್ದರು. ಅನಂತರ ತುಸುತುಸುವೇ ಬೆಚ್ಚಗಾಗಲು ಬಿಟ್ಟರೆ ಒಂದೊಂದು ಸಂಯುಕ್ತವೂ ತನ್ನ ತನ್ನ ತಾಪದಲ್ಲಿ ಆವಿಯಾಗಿ ಬೇರೆಯಾಗುತ್ತದೆ. ಡೈಬೋರೇನ್ ಕುದಿಯುವುದು ಸೊನ್ನೆಗಿಂತ ಸುಮಾರು 93 ಡಿಗ್ರಿ ಸೆಲ್ಸಿಯಸ್ ಕೆಳಗೆ. ಟೆಟ್ರಾಬೋರೇನ್ 18 ಡಿಗ್ರಿಯ ಸುಮಾರಿಗೆ. ಹೀಗೆ ಸಿಕ್ಕಿದ ಕೆಲವೇ ಘನ ಸೆಂಟಿಮೀಟರ್ ಅನಿಲವನ್ನು ಗಾಳಿಗೆ ತೋರಿಸದೆ ಅಳೆದು, ತೂಗಿ, ವಿಶ್ಲೇಷಿಸಬೇಕಾಗಿತ್ತು. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ನಿರ್ವಾತ ಜಾಲದ ತಂತ್ರಕ್ಕೆ ಇದೇ ಮೂಲ.

ಸಿಕ್ಕಿದ್ದೇನು?

ಬೋರಾನಿನಿಂದ ಒಂದಲ್ಲ, ಆರು ಹೈಡ್ರೈಡುಗಳು ಸಿಕ್ಕಿದವು. ಎರಡು, ನಾಲ್ಕು, ಐದು, ಆರು, ಹತ್ತು ಬೋರಾನ್ ಪರಮಾಣುಗಳಿರುವ ಅಣುಗಳು. ಅವುಗಳಲ್ಲಿ ಐದರದು ಎರಡು ಬಗೆ. ಹತ್ತು ಬೋರಾನ್ ಇರುವ ಡೆಕಾಬೋರೇನ್ ಗಾಳಿಯಲ್ಲಿ ಕೆಡದ ಬಿಳಿಯ ಘನವಸ್ತು. ಸೋಜಿಗವೆಂದರೆ ಒಂದೇ ಬೋರಾನ್ ಪರಮಾಣುವಿಗೆ ಮೂರು ಹೈಡ್ರೊಜನ್ ಸೇರಿದ ಅಣು ಸಿಗಲೇ ಇಲ್ಲ. ಬೋರಾನಿನ ವೇಲೆನ್ಸಿ ಮೂರು. ಹಾಗಾಗಿ ನಾವು ಮೊದಲು ನಿರೀಕ್ಷಿಸುವುದು ಅದನ್ನೇ. ಸಿಕ್ಕಿದ್ದರಲ್ಲಿ ಅತಿ ಚಿಕ್ಕದೆಂದರೆ ಎರಡು ಬೋರಾನ್, ಆರು ಹೈಡ್ರೊಜನ್ ಇರುವ ಡೈಬೋರೇನ್.

ಸಿಲಿಕಾನ್ ಹೆಚ್ಚು ಶಿಸ್ತಿನಿಂದ ನಡೆದುಕೊಂಡಿತು. ಮೆಗ್ನೀಸಿಯಮ್ ಸಿಲಿಸೈಡಿಗೆ ಆಮ್ಲ ಹಾಕಿದಾಗ ಮೀಥೇನನ್ನು ಹೋಲುವ ಸಿಲೇನ್, ಈಥೇನನ್ನು ಹೋಲುವ ಡೈಸಿಲೇನ್, ಹಾಗೆಯೇ ಮೂರು ಮತ್ತು ನಾಲ್ಕು ಸಿಲಿಕಾನ್‌ಗಳ ಸಂಯುಕ್ತಗಳು ಬಂದವು. ಸೂತ್ರಗಳು ಕಾರ್ಬನ್ನಿನವುಗಳಂತೆಯೇ ಇದ್ದರೂ ಸ್ವಭಾವ ಹಾಗಿರಲಿಲ್ಲ. ಮೀಥೇನಿಗೆ ಕಡ್ಡಿ ಗೀರಬೇಕು; ಸಿಲೇನ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸರಪಣಿ ಉದ್ದವಾದಂತೆಲ್ಲ ಅದು ಸುಲಭವಾಗಿ ಮುರಿಯುತ್ತದೆ.

ಇದಕ್ಕೆ ಕಾರಣವನ್ನು ಬಂಧಗಳ ಬಲದಲ್ಲಿ ಹುಡುಕಬೇಕು. ಎರಡು ಕಾರ್ಬನ್ ಪರಮಾಣುಗಳ ನಡುವಿನ ಒಂಟಿ ಬಂಧವನ್ನು ಮುರಿಯಲು ಮೋಲಿಗೆ ಸುಮಾರು 346 ಕಿಲೋಜೂಲ್ ಬೇಕು. ಎರಡು ಸಿಲಿಕಾನ್‌ಗಳ ನಡುವಿನದಕ್ಕೆ ಸುಮಾರು 222 ಸಾಕು. ಆದರೆ ಸಿಲಿಕಾನ್ ಮತ್ತು ಆಕ್ಸಿಜನ್ ನಡುವಿನ ಬಂಧ ಸುಮಾರು 452. ಆಕ್ಸಿಜನ್ ಎದುರಾದರೆ ಸಿಲಿಕಾನ್ ತನ್ನ ಸರಪಣಿಯನ್ನು ಬಿಟ್ಟು ಅದರ ಕಡೆಗೆ ವಾಲುವುದರಲ್ಲಿ ಆಶ್ಚರ್ಯವಿಲ್ಲ. ಹೊಳೆದಂಡೆಯಲ್ಲಿ ಸಿಲೇನ್ ಇಲ್ಲದೆ ಮರಳು ಇರುವುದು ಇದಕ್ಕಾಗಿಯೇ.

ಇನ್ನೊಂದು ಕಾರಣವೂ ಇದೆ. ವಿದ್ಯುದೃಣತೆಯ ಪಟ್ಟಿಯನ್ನು ನೋಡಿ. ಕಾರ್ಬನ್ 2.55, ಹೈಡ್ರೊಜನ್ 2.20, ಬೋರಾನ್ 2.04, ಸಿಲಿಕಾನ್ 1.90. ಕಾರ್ಬನ್ ಹೈಡ್ರೊಜನ್ನಿನಿಂದ ಎಲೆಕ್ಟ್ರಾನನ್ನು ತನ್ನತ್ತ ಎಳೆಯುತ್ತದೆ. ಬೋರಾನ್ ಮತ್ತು ಸಿಲಿಕಾನ್‌ಗಳ ಜೊತೆಯಲ್ಲಿ ಎಳೆಯುವ ಸರದಿ ಹೈಡ್ರೊಜನ್ನಿನದು. ಹಾಗಾಗಿ ಈ ಹೈಡ್ರೈಡುಗಳಲ್ಲಿ ಹೈಡ್ರೊಜನ್ ತುಸು ಋಣ ಆವೇಶ ಪಡೆದಿರುತ್ತದೆ. ನೀರಿನ ಹೈಡ್ರೊಜನ್ ತುಸು ಧನ ಆವೇಶದ್ದು. ಎರಡೂ ಸೇರಿದರೆ ಹೈಡ್ರೊಜನ್ ಅನಿಲ ಹೊರಡುತ್ತದೆ. ಆವರ್ತಕೋಷ್ಟಕದಲ್ಲಿ ಬೋರಾನ್ ಮತ್ತು ಸಿಲಿಕಾನ್ ಓರೆಯಾಗಿ ಎದುರುಬದುರು ಇವೆ. ತರಗತಿಯಲ್ಲಿ ಕರ್ಣ ಸಂಬಂಧ ಎಂದು ಹೇಳಿಕೊಡುವ ಈ ಹೋಲಿಕೆಗೆ ಅವುಗಳ ಹೈಡ್ರೈಡುಗಳು ಒಳ್ಳೆಯ ಉದಾಹರಣೆ.

ಕಾಣದ ಆವಿ

ಇತ್ತ ಪ್ರಯೋಗಗಳು ಸಾಗುತ್ತಿದ್ದಾಗ ಅತ್ತ ಪ್ರಯೋಗ ಮಾಡುವವನ ಆರೋಗ್ಯ ಕುಸಿಯುತ್ತಿತ್ತು. ಸ್ಟಾಕ್‌ಗೆ ಮೊದಮೊದಲು ಆಗಾಗ ತಲೆನೋವು, ತಲೆಸುತ್ತು ಬರುತ್ತಿತ್ತು. ಮೂಗು ಕಟ್ಟಿಕೊಳ್ಳುತ್ತಿತ್ತು. ವೈದ್ಯರು ಮೂಗಿಗೂ ಗಂಟಲಿಗೂ ಚಿಕಿತ್ಸೆ ನೀಡಿದರು, ಗುಣವಾಗಲಿಲ್ಲ. ವರ್ಷಗಳು ಕಳೆದಂತೆ ಕಿವಿ ಮಂದವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಆತನನ್ನು ಕಂಗೆಡಿಸಿದ್ದು ಮರೆವು. ಈಗಷ್ಟೇ ಓದಿದ ಪುಸ್ತಕದ ವಿಷಯ ನೆನಪಿರುತ್ತಿರಲಿಲ್ಲ. ಹೆಸರುಗಳು, ಸಂಖ್ಯೆಗಳು ಜಾರಿಹೋಗುತ್ತಿದ್ದವು. ಅಳತೆ, ಲೆಕ್ಕಗಳನ್ನೇ ನಂಬಿ ಬದುಕುವ ವಿಜ್ಞಾನಿಗೆ ಇದು ಎಂಥ ಸಂಕಟ ಎಂಬುದನ್ನು ನೀವೇ ಊಹಿಸಿಕೊಳ್ಳಿ.

1924ರಲ್ಲಿ ಆತನ ಜೊತೆ ಕೆಲಸ ಮಾಡುತ್ತಿದ್ದವರಲ್ಲೂ ಇಂಥವೇ ಲಕ್ಷಣಗಳು ಕಂಡುಬಂದವು. ಆಗ ಬರ್ಲಿನ್ನಿನ ವಿಷವಿಜ್ಞಾನಿ ಲೂಯಿ ಲೆವಿನ್ ಕಾರಣವನ್ನು ಗುರುತಿಸಿದ. ಅದು ಪಾದರಸದ ವಿಷ.

ಪಾದರಸ ವಿಷವೆಂಬುದು ಹೊಸ ಸಂಗತಿಯಾಗಿರಲಿಲ್ಲ. ಪಾದರಸದ ಗಣಿಗಳಲ್ಲಿ ದುಡಿದವರು, ಕನ್ನಡಿ ಮಾಡುವವರು, ಟೋಪಿ ತಯಾರಿಸುವವರು ಅದರಿಂದ ನರಳುವುದು ಶತಮಾನಗಳಿಂದ ತಿಳಿದಿತ್ತು. ಆದರೆ ಅದೆಲ್ಲ ಹೆಚ್ಚಿನ ಪ್ರಮಾಣದ ಮಾತು ಎಂದು ಜನ ತಿಳಿದಿದ್ದರು. ಪ್ರಯೋಗಾಲಯದ ನೆಲದ ಬಿರುಕಿನಲ್ಲಿ ಬಿದ್ದಿರುವ ಪಾದರಸದ ಮಣಿಗಳಿಂದ, ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಆವಿಯಿಂದ ಮನುಷ್ಯ ವರ್ಷಗಟ್ಟಲೆ ಹೀಗೆ ಕುಗ್ಗಬಹುದು ಎಂದು ಹೆಚ್ಚಿನವರಿಗೆ ಹೊಳೆದಿರಲಿಲ್ಲ.

ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗೆಂದು ಕೋಣೆಯ ತಾಪದಲ್ಲಿ ಅದು ಆವಿಯಾಗುವುದಿಲ್ಲ ಎಂದು ತಿಳಿಯಬೇಡಿ. ಒಣಹಾಕಿದ ಬಟ್ಟೆಯ ನೀರು ಕುದಿಯದೆಯೇ ಆರುವುದಿಲ್ಲವೆ? ಉಸಿರಿನೊಂದಿಗೆ ಒಳಹೋದ ಪಾದರಸದ ಆವಿಯಲ್ಲಿ ಬಹುಪಾಲನ್ನು ಶ್ವಾಸಕೋಶ ಹೀರಿಕೊಳ್ಳುತ್ತದೆ. ಅದು ರಕ್ತದ ಮೂಲಕ ಮಿದುಳನ್ನು ಸೇರಿ, ಅಲ್ಲಿ ಉತ್ಕರ್ಷಣಗೊಂಡು, ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳುತ್ತದೆ. ಕಿಣ್ವಗಳು ಕೆಲಸ ನಿಲ್ಲಿಸುತ್ತವೆ.

ಸ್ಟಾಕ್ ತನ್ನ ಕಾಯಿಲೆಯನ್ನು ಗುಟ್ಟಾಗಿಡಲಿಲ್ಲ. 1926ರಲ್ಲಿ ಜರ್ಮನಿಯ ರಸಾಯನ ಪತ್ರಿಕೆಯೊಂದರಲ್ಲಿ ಪಾದರಸದ ಆವಿಯ ಅಪಾಯದ ಬಗ್ಗೆ ವಿವರವಾದ ಲೇಖನ ಬರೆದ. ತನಗಾದ ಒಂದೊಂದು ತೊಂದರೆಯನ್ನೂ ಮುಚ್ಚುಮರೆಯಿಲ್ಲದೆ ಪಟ್ಟಿಮಾಡಿ, ಪಾದರಸದೊಡನೆ ಕೆಲಸ ಮಾಡುವವರೆಲ್ಲ ಎಚ್ಚರವಾಗಿರಬೇಕೆಂದು ಕೇಳಿಕೊಂಡ. ಅಲ್ಲಿಗೇ ನಿಲ್ಲಲಿಲ್ಲ. ಅತ್ಯಲ್ಪ ಪ್ರಮಾಣದ ಪಾದರಸವನ್ನೂ ಪತ್ತೆಹಚ್ಚುವ ವಿಶ್ಲೇಷಣಾ ವಿಧಾನಗಳನ್ನು ರೂಪಿಸಿದ. ಗಾಳಿಯಲ್ಲಿ, ಆಹಾರದಲ್ಲಿ, ಮೂತ್ರದಲ್ಲಿ ಪಾದರಸ ಎಷ್ಟಿದೆ ಎಂದು ಅಳೆದ. ಹೈಡ್ರೈಡುಗಳನ್ನು ಅಳೆಯಲು ಕಲಿತ ಕೈ ಈಗ ತನ್ನ ರೋಗದ ಕಾರಣವನ್ನು ಅಳೆಯತೊಡಗಿತು.

ಅದೇ ವರ್ಷ ಆತ ಕಾರ್ಲ್ಸ್‌ರೂಹ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದ. ಹತ್ತು ವರ್ಷಗಳ ಬಳಿಕ, 1936ರಲ್ಲಿ, ಅನಾರೋಗ್ಯದ ಕಾರಣ ಅವಧಿಗೆ ಮೊದಲೇ ನಿವೃತ್ತನಾದ. ಚರಿತ್ರೆ ಓದುವ ನಾವು ಇನ್ನೊಂದು ವಿಷಯವನ್ನೂ ಮರೆಯಬಾರದು. ಸ್ಟಾಕ್ ನಾಜಿ ಪಕ್ಷದ ಸದಸ್ಯನಾಗಿದ್ದ. ಆ ಆಳ್ವಿಕೆಯ ಕಾಲದಲ್ಲೇ ಜರ್ಮನ್ ರಸಾಯನ ಸಂಘದ ಅಧ್ಯಕ್ಷನೂ ಆಗಿದ್ದ. ವಿಜ್ಞಾನದಲ್ಲಿ ನಿಷ್ಠುರವಾಗಿ ಸತ್ಯವನ್ನು ಹುಡುಕುವವರು ಎಲ್ಲ ಕಡೆಯೂ ಹಾಗೆಯೇ ಇರುತ್ತಾರೆಂದು ಹೇಳಲು ಬರುವುದಿಲ್ಲ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಎಲ್ಬ್ ನದಿಯ ದಡದ ಆಕೆನ್ ಎಂಬ ಸಣ್ಣ ಊರಿನಲ್ಲಿ ಆತ ತೀರಿಕೊಂಡ.

ಹನ್ನೆರಡು ಎಲೆಕ್ಟ್ರಾನ್‌ಗಳ ಒಗಟು

ಸ್ಟಾಕ್ ಬಿಟ್ಟುಹೋದ ಸಂಯುಕ್ತಗಳಲ್ಲಿ ಒಂದು ಒಗಟಿತ್ತು. ಅದನ್ನು ನೀವೂ ಬಿಡಿಸಲು ಯತ್ನಿಸಬಹುದು. ಈಥೇನಿನಲ್ಲಿ ಎರಡು ಕಾರ್ಬನ್, ಆರು ಹೈಡ್ರೊಜನ್ ಇವೆ. ಕಾರ್ಬನ್‌ಗಳ ನಡುವೆ ಒಂದು ಬಂಧ, ಹೈಡ್ರೊಜನ್‌ಗಳಿಗೆ ಆರು. ಒಟ್ಟು ಏಳು ಬಂಧಗಳು. ಬಂಧಕ್ಕೆ ಎರಡರಂತೆ ಹದಿನಾಲ್ಕು ಎಲೆಕ್ಟ್ರಾನ್ ಬೇಕು. ಕಾರ್ಬನ್‌ಗಳಿಂದ ಎಂಟು, ಹೈಡ್ರೊಜನ್‌ಗಳಿಂದ ಆರು ಬರುತ್ತವೆ. ಲೆಕ್ಕ ಸರಿಹೋಯಿತು. ಡೈಬೋರೇನಿನಲ್ಲೂ ಎಂಟು ಪರಮಾಣುಗಳೇ ಇವೆ. ಆದರೆ ಬೋರಾನ್‌ಗಳಿಂದ ಆರು, ಹೈಡ್ರೊಜನ್‌ಗಳಿಂದ ಆರು, ಒಟ್ಟು ಹನ್ನೆರಡೇ. ಎರಡು ಎಲೆಕ್ಟ್ರಾನ್ ಸಾಲದು. ಆದರೂ ಅಣು ಇದೆ!

1921ರಲ್ಲೇ ಡಿಲ್ಥೈ ಎಂಬ ಜರ್ಮನ್ ವಿಜ್ಞಾನಿ, ಎರಡು ಹೈಡ್ರೊಜನ್‌ಗಳು ಬೋರಾನ್‌ಗಳ ನಡುವೆ ಸೇತುವೆಯಂತೆ ಇರಬಹುದು ಎಂದು ಸೂಚಿಸಿದ್ದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1937ರಲ್ಲಿ ಎಲೆಕ್ಟ್ರಾನ್ ವಿವರ್ತನೆಯ ಪ್ರಯೋಗ ನಡೆಸಿದ ಬೌವರ್, ಡೈಬೋರೇನಿನ ರಚನೆ ಈಥೇನಿನಂತೆಯೇ ಇದೆ ಎಂದು ತೀರ್ಮಾನಿಸಿದ. ದೊಡ್ಡವರು ಅದನ್ನು ಒಪ್ಪಿದರು.

1943ರಲ್ಲಿ ಆಕ್ಸ್‌ಫರ್ಡಿನಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ, ಇಪ್ಪತ್ತರ ಹರೆಯದ ಲಾಂಗೆಟ್-ಹಿಗಿನ್ಸ್ ತನ್ನ ಅಧ್ಯಾಪಕ ಬೆಲ್ ಜೊತೆ ಸೇರಿ ಸೇತುವೆಯ ರಚನೆಯೇ ಸರಿ ಎಂದು ವಾದಿಸಿ ಪ್ರಬಂಧ ಪ್ರಕಟಿಸಿದ. ಅನಂತರ ಅವಕೆಂಪು ರೋಹಿತದ ಅಧ್ಯಯನಗಳೂ, 1951ರಲ್ಲಿ ಹೆಡ್‌ಬರ್ಗ್ ಮತ್ತು ಷೋಮೇಕರ್ ಮತ್ತೆ ನಡೆಸಿದ ಎಲೆಕ್ಟ್ರಾನ್ ವಿವರ್ತನೆಯ ಪ್ರಯೋಗವೂ ಆ ವಿದ್ಯಾರ್ಥಿಯ ಪರವಾಗಿ ನುಡಿದವು. ಎರಡು ಬೋರಾನ್ ಮತ್ತು ತುದಿಯ ನಾಲ್ಕು ಹೈಡ್ರೊಜನ್‌ಗಳು ಒಂದೇ ಸಮತಲದಲ್ಲಿವೆ. ಉಳಿದ ಎರಡರಲ್ಲಿ ಒಂದು ಮೇಲೆ, ಒಂದು ಕೆಳಗೆ. ತುದಿಯ ನಾಲ್ಕು ಬಂಧಗಳಿಗೆ ಎಂಟು ಎಲೆಕ್ಟ್ರಾನ್ ಹೋದರೆ ಉಳಿಯುವುದು ನಾಲ್ಕು. ಒಂದೊಂದು ಸೇತುವೆಯಲ್ಲೂ ಎರಡೇ ಎಲೆಕ್ಟ್ರಾನ್‌ಗಳು ಮೂರು ಪರಮಾಣುಗಳನ್ನು ಹಿಡಿದಿಡುತ್ತವೆ. ಬಂಧವೆಂದರೆ ಎರಡು ಪರಮಾಣುಗಳ ನಡುವಿನ ಎಲೆಕ್ಟ್ರಾನ್ ಜೋಡಿ ಎಂಬ ಪಾಠವನ್ನು ಬೋರಾನ್ ತಿದ್ದಿತು. ಇಂಥ ಬಂಧಗಳ ಅಧ್ಯಯನಕ್ಕಾಗಿ ವಿಲಿಯಮ್ ಲಿಪ್ಸ್‌ಕಮ್‌ಗೆ 1976ರ ನೊಬೆಲ್ ಪಾರಿತೋಷಕ ದೊರೆಯಿತು.

ಎರಡು ಡಾಲರಿನ ಪುಸ್ತಕ

ಸ್ಟಾಕ್ 1932ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೊಟ್ಟಿದ್ದ. ಬೋರಾನ್ ಮತ್ತು ಸಿಲಿಕಾನ್ ಹೈಡ್ರೈಡುಗಳನ್ನು ಕುರಿತ ಆ ಉಪನ್ಯಾಸಗಳು ಮರುವರ್ಷ ಪುಸ್ತಕವಾದವು. 1936ರಲ್ಲಿ ಷಿಕಾಗೋದ ಬಡ ವಿದ್ಯಾರ್ಥಿಯೊಬ್ಬ ಪದವಿ ಮುಗಿಸಿದಾಗ, ಆತನ ಗೆಳತಿ ಸಾರಾ ಈ ಪುಸ್ತಕವನ್ನು ಕೊಂಡು ಉಡುಗೊರೆಯಾಗಿ ಕೊಟ್ಟಳು. ಈ ಪುಸ್ತಕವನ್ನೇ ಏಕೆ ಆರಿಸಿದಳು? ಆರ್ಥಿಕ ಮುಗ್ಗಟ್ಟಿನ ದಿನಗಳು. ಅಂಗಡಿಯಲ್ಲಿದ್ದ ರಸಾಯನ ಪುಸ್ತಕಗಳಲ್ಲಿ ಅದೇ ಅಗ್ಗವಾಗಿತ್ತಂತೆ, ಎರಡು ಡಾಲರ್. ಓದಿದ ವಿದ್ಯಾರ್ಥಿ ಬೋರಾನ್ ಹೈಡ್ರೈಡುಗಳಿಗೆ ಮಾರುಹೋದ. ಆತ ಹರ್ಬರ್ಟ್ ಚಾರ್ಲ್ಸ್ ಬ್ರೌನ್. ಹೆಸರಿನ ಮೊದಲಕ್ಷರಗಳು ಎಚ್, ಸಿ, ಬಿ: ಹೈಡ್ರೊಜನ್, ಕಾರ್ಬನ್, ಬೋರಾನ್‌ಗಳ ಸಂಕೇತಗಳೇ!

ಆಗ ಡೈಬೋರೇನ್ ಗ್ರಾಮಿಗಿಂತ ಕಡಿಮೆ ಪ್ರಮಾಣದಲ್ಲಿ ಸಿಗುತ್ತಿದ್ದ ಅಪರೂಪದ ವಸ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರೌನ್ ಮತ್ತು ಆತನ ಗುರು ಷ್ಲೆಸಿಂಜರ್ ಸೋಡಿಯಮ್ ಬೋರೋಹೈಡ್ರೈಡನ್ನು ಸುಲಭವಾಗಿ ತಯಾರಿಸುವ ಹಾದಿ ಕಂಡುಕೊಂಡರು. ಆಲ್ಡಿಹೈಡು, ಕೀಟೋನುಗಳನ್ನು ಆಲ್ಕೊಹಾಲಾಗಿ ಅಪಕರ್ಷಿಸಲು ಇಂದು ಅದನ್ನು ಧಾರಾಳವಾಗಿ ಬಳಸುತ್ತಾರೆ. ಬೋರಾನಿಗೆ ಅಂಟಿದ ಹೈಡ್ರೊಜನ್ನಿನ ಮೇಲಿರುವ ಆ ತುಸು ಋಣ ಆವೇಶವೇ ಇಲ್ಲಿ ಕೆಲಸಕ್ಕೆ ಬರುವುದು. ಆಲ್ಕೀನುಗಳಿಗೆ ಬೋರಾನ್ ಹೈಡ್ರೈಡನ್ನು ಸೇರಿಸುವ ಕ್ರಿಯೆಯನ್ನು 1956ರಲ್ಲಿ ಬೆಳಕಿಗೆ ತಂದ ಬ್ರೌನ್, 1979ರ ನೊಬೆಲ್ ಪಾರಿತೋಷಕವನ್ನು ವಿಟಿಗ್ ಜೊತೆ ಹಂಚಿಕೊಂಡ. ಇತ್ತ ಸಿಲಿಕಾನ್ ಚಿಪ್ಪುಗಳ ಕಾರ್ಖಾನೆಗಳಲ್ಲಿ ಸಿಲೇನನ್ನು ವಿಭಜಿಸಿ ಶುದ್ಧ ಸಿಲಿಕಾನಿನ ಪದರ ಪಡೆಯುತ್ತಾರೆ. ಅದಕ್ಕೆ ಬೋರಾನ್ ಬೆರೆಸಲು ಡೈಬೋರೇನ್ ಬಳಸುತ್ತಾರೆ. ಸ್ಟಾಕ್‌ನ ಎರಡು ಅನಿಲಗಳೂ ಇಲ್ಲಿ ಮತ್ತೆ ಒಟ್ಟುಗೂಡಿವೆ.

ನಮ್ಮ ಪ್ರಯೋಗಾಲಯದಲ್ಲಿ

ಈ ಚರಿತ್ರೆಯಿಂದ ನಮ್ಮ ತರಗತಿಗೆ ನೇರವಾಗಿ ಬರುವ ಪಾಠವೊಂದಿದೆ. ಒಂದು ಕಡೆ ನಿಲ್ಲದ ಮಕ್ಕಳನ್ನು ನಾವು ಪಾದರಸದಂಥವರು ಎನ್ನುತ್ತೇವೆ. ಮುರಿದ ಉಷ್ಣಮಾಪಕದ ಪಾದರಸವನ್ನು ಅಂಗೈಯಲ್ಲಿಟ್ಟು ಆಡಿದ ನೆನಪು ಎಷ್ಟೋ ಹಿರಿಯರಿಗೆ ಇರಬಹುದು. ಒಂದು ಲೆಕ್ಕ ಮಾಡಿ ನೋಡಿ.

ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯ ಗಾತ್ರ 144 ಘನ ಮೀಟರ್. ಕೆಲಸದ ಸ್ಥಳದ ಗಾಳಿಯಲ್ಲಿ ಪಾದರಸದ ಆವಿ ಘನ ಮೀಟರಿಗೆ 0.025 ಮಿಲಿಗ್ರಾಮ್ ಮೀರಬಾರದು ಎಂಬುದು ವ್ಯಾಪಕವಾಗಿ ಅನುಸರಿಸುವ ಮಿತಿ. ಇಡೀ ಕೋಣೆಗೆ ಅದು 3.6 ಮಿಲಿಗ್ರಾಮ್ ಆಯಿತು. ಜ್ವರ ನೋಡುವ ಒಂದು ಉಷ್ಣಮಾಪಕದಲ್ಲಿ ಅರ್ಧ ಗ್ರಾಮಿನಷ್ಟಾದರೂ ಪಾದರಸ ಇರುತ್ತದೆ. ಎಂದರೆ ಮಿತಿಯ ನೂರು ಪಟ್ಟಿಗೂ ಹೆಚ್ಚು. ಅದು ಒಮ್ಮೆಗೇ ಆವಿಯಾಗುವುದಿಲ್ಲ, ನಿಜ. ಆದರೆ 20 ಡಿಗ್ರಿಯಲ್ಲಿ ಮುಚ್ಚಿದ ಕೋಣೆಯ ಗಾಳಿ ಘನ ಮೀಟರಿಗೆ ಸುಮಾರು 13 ಮಿಲಿಗ್ರಾಮ್ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹನಿ ಸಣ್ಣ ಸಣ್ಣ ಮಣಿಗಳಾಗಿ ಒಡೆದಷ್ಟೂ ಮೇಲ್ಮೈ ಹೆಚ್ಚಿ ಆವಿಯಾಗುವುದು ಚುರುಕಾಗುತ್ತದೆ.

ಆದ್ದರಿಂದ ಪಾದರಸ ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ಮಣಿಗಳು ಇನ್ನಷ್ಟು ಚಿಕ್ಕದಾಗಿ ಚದುರುತ್ತವೆ. ಕೈಗವಸು ತೊಟ್ಟು, ಗಟ್ಟಿ ಕಾಗದದ ತುಣುಕುಗಳಿಂದ ಮಣಿಗಳನ್ನು ಒಟ್ಟುಮಾಡಿ, ಬಿಗಿಯಾದ ಮುಚ್ಚಳವಿರುವ ಸೀಸೆಯಲ್ಲಿಡಿ. ಚರಂಡಿಗೆ ಸುರಿಯಬೇಡಿ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ರೂಪುಗೊಂಡ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ ಅದನ್ನು 2018ರಲ್ಲಿ ಸ್ಥಿರೀಕರಿಸಿತು. ಮದ್ಯಸಾರದ ಅಥವಾ ವಿದ್ಯುನ್ಮಾನ ಉಷ್ಣಮಾಪಕಗಳು ಸಿಗುವಾಗ ಶಾಲೆಗೆ ಪಾದರಸದ್ದೇ ಬೇಕೆಂದೇನೂ ಇಲ್ಲ.

ಮುಂದಿನ ಸಲ ಕಪ್ಪುಹಲಗೆಯ ಮೇಲೆ ಕಬ್ಬಿಣದ ಸಂಯುಕ್ತವೊಂದರ ಹೆಸರು ಬರೆದು ಪಕ್ಕದಲ್ಲಿ ರೋಮನ್ ಅಂಕಿ ಹಾಕುವಾಗ, ಅದನ್ನು ಕೊಟ್ಟವನ ಕಥೆಯನ್ನೂ ಮಕ್ಕಳಿಗೆ ಎರಡು ಮಾತಿನಲ್ಲಿ ಹೇಳಿ. ಡೈಬೋರೇನಿನ ಹನ್ನೆರಡು ಎಲೆಕ್ಟ್ರಾನ್‌ಗಳ ಲೆಕ್ಕವನ್ನೂ ಹಲಗೆಯ ಮೇಲೆ ಹಾಕಿ ಬಿಡಿ. ಆ ಒಗಟಿಗೆ ಉತ್ತರ ಹೇಳಿದವನೂ ಒಬ್ಬ ವಿದ್ಯಾರ್ಥಿಯೇ ಎಂಬುದು ಅವರಿಗೆ ತಿಳಿಯಲಿ.